ರಾಣಿಯ ಜೋಡು ಪಳಗಿಸಿದವಳು

ನಮ್ಮತ್ತೆ ಕೂತು ಊಟ ಮಾಡಿದ್ದನ್ನು ನಾನು ನೋಡಿದವಳಲ್ಲ. ತಟ್ಟೆ ಕೈಯಲ್ಲಿ ಹಿಡಿದುಕೊಂಡು ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಲೇ ತಿನ್ನುತ್ತಿದ್ದಳು. "ಒಂದು ಗಳಿಗೆ ಕೂತ್ಕೊಳೇ ಅಕ್ಕ, ನೋಡಿದ್ರೆ ನಮ್ಗೇ ಕಾಲು ನೋಯುತ್ತೆ" ಎಂದು ಅವಳ ತಮ್ಮ, ಅಂದರೆ ನಮ್ಮಪ್ಪ, ಗೊಣಗುತ್ತಿದ್ದ. ಕೂತರೆ ಕಾಲು ಊದಿಕೊಳ್ಳುತ್ತದೆ, ಊದಿಕೊಂಡರೆ ಅಳತೆ ತಪ್ಪುತ್ತದೆ, ಅಳತೆ ತಪ್ಪಿದರೆ ತಲೆ ಹೋಗುತ್ತದೆ ಎಂಬುದು ಅತ್ತೆಯ ಲೆಕ್ಕ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಹುಟ್ಟುವಾಗ ಅವಳ ಕಾಲು ಎಲ್ಲರ ಕಾಲಿನ ಹಾಗೆಯೇ ಇತ್ತು. ಚಕ್ರ ಕಟ್ಟಿದ್ದು ಅರಮನೆಯವರು.

ಅವಳ ಕೆಲಸ ಏನೆಂದು ಹೇಳಿದರೆ ಈಗಿನ ಮಕ್ಕಳು ನಗುತ್ತಾರೆ. ಅತ್ತೆ ರಾಣಿಯ ಹೊಸ ಜೋಡುಗಳನ್ನು ಪಳಗಿಸುತ್ತಿದ್ದಳು. ಹೊಸ ಜೋಡು ಕಚ್ಚುತ್ತದಲ್ಲ, ಅದಕ್ಕೆ ರಾಣಿ, ಕೂಲಿಯವಳು ಎಂಬ ಭೇದವಿಲ್ಲ. ರಾಣಿಯನ್ನು ಕಚ್ಚುವ ಮುಂಚೆ ಅದು ಇನ್ನೊಬ್ಬರನ್ನು ಕಚ್ಚಿ ಸುಸ್ತಾಗಿರಬೇಕು. ಆ ಇನ್ನೊಬ್ಬರ ಪಾದ ರಾಣಿಯ ಪಾದದ ಅಚ್ಚೇ ಆಗಿರಬೇಕು. ಅತ್ತೆಗೆ ಹದಿನೇಳೋ ಹದಿನೆಂಟೋ ಆಗಿದ್ದಾಗ ಅರಮನೆಯ ಆಳುಗಳು ಮರದ ಅಚ್ಚೊಂದನ್ನು ಹಿಡಿದು ಬೀದಿ ಬೀದಿ ತಿರುಗಿ ಹೆಂಗಸರ ಕಾಲು ಅಳೆದರಂತೆ. ಉಳಿದವರು ಬೆರಳು ಮುದುಡಿಯೋ ಅಗಲಿಸಿಯೋ ತಪ್ಪಿಸಿಕೊಂಡರು. ಅತ್ತೆಗೆ ಅಷ್ಟು ಜಾಣತನ ಹೊಳೆಯಲಿಲ್ಲ. ಹೆಬ್ಬೆರಳಿಗಿಂತ ಪಕ್ಕದ ಬೆರಳು ಚೂರು ಉದ್ದ, ಹಿಮ್ಮಡಿ ಕಿರಿದು, ಎಲ್ಲ ಹೇಳಿ ಮಾಡಿಸಿದ ಹಾಗೆ ಅಚ್ಚಿನೊಳಗೆ ಕೂತುಬಿಟ್ಟಿತು. ಮದುವೆಗೂ ಅಪ್ಪಣೆ ಸಿಗಲಿಲ್ಲ. ಬಸುರಿಯಾದರೆ ಪಾದ ಊದುತ್ತದೆ ಎಂದರಂತೆ.

ಈ ರಾಜವಂಶದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಮ್ಮಲ್ಲಿ ಸತ್ತ ದೊರೆಗೆ ಹೆಸರಿಡುವವರು ಜನ. ಬದುಕಿದ್ದಾಗ ತನ್ನನ್ನು ಏನೆಂದು ಬೇಕಾದರೂ ಹೊಗಳಿಸಿಕೊಳ್ಳಲಿ, ಹೆಣ ಚೌಕದಲ್ಲಿರುವಾಗ ಊರು ಸೇರಿ ಕೂಗುವ ಹೆಸರೇ ಕೊನೆಯವರೆಗೆ ನಿಲ್ಲುವುದು. ರಾಣಿಯ ಅಜ್ಜನಿಗೆ ಬಿದ್ದ ಹೆಸರು ಬಾಗಿಲುಗಳ್ಳ. ಜನ ಒಳಗೆ ಕೂತು ತನ್ನನ್ನು ಬೈಯುತ್ತಾರೆಂದು ಮನೆಮನೆಯ ಬಾಗಿಲು ಕೀಳಿಸಿ ಅರಮನೆಯ ಒಲೆಗೆ ಹಾಕಿಸಿದವನು. ಆ ಚಳಿಗಾಲದಲ್ಲಿ ತೊಟ್ಟಿಲ ಕೂಸುಗಳು ಉಳಿಯಲಿಲ್ಲ. ಅವನ ಮಗ ಸಪ್ಪೆದೊರೆ. ಕಾಯಿಲೆ ಬಿದ್ದು ನಾಲಿಗೆಯ ರುಚಿ ಹೋದ ಮೇಲೆ, ತನಗಿಲ್ಲದ ರುಚಿ ಯಾರಿಗೂ ಬೇಡ ಎಂದು ಊರಿಗೆಲ್ಲ ಉಪ್ಪು ನಿಲ್ಲಿಸಿದ. ಮಡಕೆಯಲ್ಲಿ ಒಂದು ಹರಳು ಉಪ್ಪು ಸಿಕ್ಕಿದರೂ ಆ ಮನೆಯವರ ನಾಲಿಗೆ ಸೀಳಿಸಿದ. ಅವನ ಮಗಳೇ ನಮ್ಮತ್ತೆಯ ರಾಣಿ. ಕೆಟ್ಟ ಹೆಸರು ಬಿಡದೆ ಮೂರು ತಲೆಮಾರಿಗೆ ಬಿದ್ದರೆ ಆ ವಂಶಕ್ಕೆ ಸಿಂಹಾಸನ ತಪ್ಪುತ್ತದೆ. ಆದರೆ ಸತ್ತವರಿಂದ ಒಂದೇ ಒಂದು ಸಲ ಕರುಣೆ ಕಂಡವನು ಒಬ್ಬ ಎದ್ದು ಆಣೆಯಿಟ್ಟರೂ ಸಾಕು, ಕೆಟ್ಟ ಹೆಸರು ಕೂಗುವ ಹಾಗಿಲ್ಲ. ಇಂಥ ಕಟುಕರು ಈ ಪದ್ಧತಿಯನ್ನು ಯಾಕೆ ಉಳಿಸಿಕೊಂಡರು ಎಂದು ನೀವು ಕೇಳಬಹುದು. ತಾವು ಬಹಳ ಒಳ್ಳೆಯವರೆಂದು ಅವರೆಲ್ಲ ಮನಸಾರೆ ನಂಬಿದ್ದರು, ಅಷ್ಟೇ.

ರಾಣಿ ತನ್ನ ಅಜ್ಜನ ಹಾಗೆ ಕಿರುಚುವವಳಲ್ಲ, ಅಪ್ಪನ ಹಾಗೆ ಹಲ್ಲು ಕಡಿಯುವವಳೂ ಅಲ್ಲ. ಅವಳ ಬಾಯಲ್ಲಿ ಮಾತೇ ಕಡಿಮೆ. ಹಿಮ್ಮಡಿಗೆ ಕಬ್ಬಿಣದ ಲಾಳ ಬಡಿದ ಜೋಡು ಅವಳದು. ಚಿಕ್ಕಂದಿನಲ್ಲಿ ಕುದುರೆಯಿಂದ ಬಿದ್ದು ಎಡಗಾಲನ್ನು ಒತ್ತಿ ಊರುವ ಅಭ್ಯಾಸವಾಗಿತ್ತು. ಹಾಗಾಗಿ ಟಕ್, ಟಟಕ್, ಟಕ್, ಟಟಕ್ ಎಂದು ಸದ್ದು. ಆ ಸದ್ದು ಕಿವಿಗೆ ಬಿದ್ದ ಕೂಡಲೇ ಎಲ್ಲರೂ ಇದ್ದಲ್ಲೇ ನಿಂತು ತಲೆ ತಗ್ಗಿಸಬೇಕು, ಅದು ದಾಟಿ ಹೋಗುವವರೆಗೆ ಎತ್ತಬಾರದು. ಎತ್ತಿದವರು ಸೆರೆಮನೆಗೆ. ಒಬ್ಬ ಕಾವಲುಗಾರನನ್ನೂ ಕರೆದೊಯ್ಯದೆ ಒಂಟಿಯಾಗಿ ಊರು ಸುತ್ತುವುದು ಅವಳ ಜಂಬ.

ಸೆರೆಮನೆಯಲ್ಲಿ ಅವಳದು ಇನ್ನೊಂದು ಆಟ. ತಾನೇ ಹೋಗಿ ಒಂದೊಂದು ಕೋಣೆಯ ಮುಂದೆ ನಿಲ್ಲುತ್ತಿದ್ದಳು. ಒಳಗಿದ್ದವನು ತೆವಳಿ ಬಂದು ಅವಳ ಜೋಡಿಗೆ ಬಾಯಿ ಹಚ್ಚಿ, ತನ್ನ ಬದಲಿಗೆ ತನ್ನ ಮನೆಯವರದೇ ಒಂದು ಹೆಸರು ಪಿಸುಗುಟ್ಟಿದರೆ ಅವನಿಗೆ ಬಿಡುಗಡೆ. ಆಮೇಲೆ ಆ ಹೆಸರಿನವರನ್ನು ಎಳೆದು ತರುತ್ತಿದ್ದರು. ಹೆಸರು ಹೇಳದವನು ಗೋಡೆಯಾಚೆಯ ಗುಂಡಿಗೆ. ಹೀಗೆ ಬಿಡಿಸಿಕೊಂಡು ಬಂದವರು ನಮ್ಮ ಬೀದಿಯಲ್ಲೂ ಇದ್ದರು. ಅವರ ಮನೆಯಲ್ಲಿ ಒಬ್ಬರು ಕಡಿಮೆ, ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬಾಗಿಲು ಕಿತ್ತವನಿಗಿಂತ, ಉಪ್ಪು ಕಿತ್ತವನಿಗಿಂತ ಇವಳೇ ಕೆಟ್ಟವಳೆಂದು ನಾನು ಹೇಳುವುದು ಇದಕ್ಕೇ.

ಜೋಡು ಪಳಗಬೇಕಾದರೆ ರಾಣಿ ನಡೆಯುವ ಹಾಗೆಯೇ ನಡೆಯಬೇಕು, ಇಲ್ಲದಿದ್ದರೆ ಚರ್ಮ ಬೇರೆ ಕಡೆ ಮಡಿಕೆ ಬೀಳುತ್ತದೆ. ಅತ್ತೆ ಎಡಗಾಲು ಒತ್ತಿ ಊರುವುದನ್ನು ಕಲಿತಳು. ಕಲ್ಲುಹಾಸಿನ ಮೇಲೆ, ಮೆಟ್ಟಿಲ ಮೇಲೆ, ಕೆಸರಿನಲ್ಲಿ, ಸಂತೆಬೀದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಟಕ್, ಟಟಕ್. ಅವಳು ಬಂದರೂ ಜನ ತಲೆ ತಗ್ಗಿಸುತ್ತಿದ್ದರು. ತಲೆ ಎತ್ತಿ ನೋಡಿದರಲ್ಲವೇ ಬಂದವಳು ರಾಣಿಯೋ ಜೋಡು ಪಳಗಿಸುವವಳೋ ಎಂದು ತಿಳಿಯುವುದು! ನೆರೆಹೊರೆಯವರು ಕೂಡ ಅವಳನ್ನು ಕೆಲಸದ ಹೊತ್ತಿನಲ್ಲಿ ಒಮ್ಮೆಯೂ ಕಂಡವರಲ್ಲ. ತೂಕದಲ್ಲಿ ಮೋಸ ಮಾಡುವ ತರಕಾರಿಯವಳ ಮುಂದೆ ಅತ್ತೆ ಬೇಕೆಂದೇ ಎರಡು ಸುತ್ತು ಹೆಚ್ಚಿಗೆ ಹೊಡೆಯುತ್ತಿದ್ದಳು. ಅದೊಂದೇ ಅವಳಿಗೆ ಸಿಕ್ಕ ಸುಖ. ಬೀದಿಯ ಮಕ್ಕಳು ಆಟ ಬಿಟ್ಟು ಗೋಡೆಗೆ ಅಂಟಿಕೊಂಡದ್ದನ್ನು ಕಂಡ ದಿನ ಮನೆಗೆ ಬಂದು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ.

ಅಪ್ಪನನ್ನು ಸಾಕಿದವಳು ಅವಳೇ. ಅವನು ಗಾರೆ ಕೆಲಸದವನು. ಗೋಡೆಗೆ ಗಾರೆ ಮೆತ್ತುವುದರಲ್ಲಿ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ನಮ್ಮಮ್ಮ ನನ್ನನ್ನು ಹೆತ್ತ ಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಹಾಗಾಗಿ ಎರಡು ಕೋಣೆಯ ಮನೆಯಲ್ಲಿ ನಾವು ಮೂವರು. ಊರಿಗೆ ಊರೇ ತಲೆ ತಗ್ಗಿಸುವ ಆ ಸದ್ದಿಗೆ ತಲೆ ಎತ್ತುತ್ತಿದ್ದವನು ನಮ್ಮಪ್ಪ ಒಬ್ಬನೇ. ಅಕ್ಕ ಯಾವ ಹೊತ್ತಿಗೆ ಯಾವ ಬೀದಿಯಲ್ಲಿರುತ್ತಾಳೆಂದು ಅವನಿಗೆ ಬಾಯಿಪಾಠ. ಏಣಿಯ ಮೇಲಿಂದ ಬಗ್ಗಿ, "ಏನು ಅಮ್ಮಾವ್ರೇ, ಸವಾರಿ ಎಲ್ಲಿಗೆ?" ಎಂದು ಕಣ್ಣು ಮಿಟುಕಿಸುತ್ತಿದ್ದ. ಅತ್ತೆ ನಗು ತಡೆದುಕೊಂಡು, "ಮುಚ್ಚೋ ಬಾಯಿ, ನಿನ್ನ ಜೊತೆ ನನ್ನ ತಲೇನೂ ಹೋಗುತ್ತೆ" ಎಂದು ಹಲ್ಲಿನ ಸಂದಿಯಲ್ಲೇ ಬೈದು ಮುಂದೆ ಹೋಗುತ್ತಿದ್ದಳು.

ಒಂದು ದಿನ ಜೋಡು ಹೊಲಿಯುವ ಮುದುಕ ಹೊಸ ಜೋಡಿಯ ಅಳತೆ ನೋಡಲು ಅತ್ತೆಯನ್ನು ಅರಮನೆಯ ಹಿಂದಿನ ಕೆಲಸದ ಕೋಣೆಗೆ ಕರೆಸಿಕೊಂಡಿದ್ದ. ಅಪ್ಪನಿಗೆ ಅದು ಗೊತ್ತಿಲ್ಲ. ಅವನು ಒಂದು ಗೋದಾಮಿನ ಗೋಡೆಗೆ ಗಾರೆ ಮಾಡುತ್ತಿದ್ದ. ಎಂದಿನ ಹೊತ್ತಿಗೆ ಎಂದಿನ ತಿರುವಿನಲ್ಲಿ ಎಂದಿನ ಸದ್ದು. ಕರಣೆ ಬೀಸುತ್ತಲೇ ಅಪ್ಪ ತಿರುಗಿ, "ಅಕ್ಕಾ, ಸಂಜೆ ಬೇಗ ಬಾರೇ, ಮಗು ಮೂಗು ಸೋರ್ತಾ ಇದೆ" ಎಂದು ಕೂಗಿದ. ಕೂಗಿ ನೋಡಿದರೆ ಕೆಳಗೆ ನಿಂತಿದ್ದವಳು ರಾಣಿ. ಅವಳ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದವರು ಊರಲ್ಲಿ ಯಾರೂ ಇರಲಿಲ್ಲ. ಅದು ಹೇಗಿತ್ತೆಂದು ಆಮೇಲೆ ಎಷ್ಟು ಕೇಳಿದರೂ ಅಪ್ಪನಿಗೆ ನೆನಪಾಗುತ್ತಿರಲಿಲ್ಲ.

ಮುಂದಿನದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಅರ್ಧ ಅತ್ತೆಯ ಬಾಯಿಂದ, ಅರ್ಧ ಅಪ್ಪನ ಬಾಯಿಂದ. ಅವನನ್ನು ಎಳೆದೊಯ್ದ ಸುದ್ದಿ ಕೇಳಿ ಅತ್ತೆ ಓಡೋಡಿ ಮನೆಗೆ ಬಂದಳು. ರಾಣಿ ಇವತ್ತಲ್ಲ ನಾಳೆ ಅವನ ಕೋಣೆಯ ಮುಂದೆ ನಿಲ್ಲುತ್ತಾಳೆ. ಇವನು ಹೆಸರು ಹೇಳುವುದಿಲ್ಲ, ಗುಂಡಿಗೆ ಹೋಗುತ್ತಾನೆ. ಅದರಲ್ಲಿ ಅತ್ತೆಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮನೆಯೊಳಗೆ ಸುತ್ತು ಹಾಕುತ್ತ, "ನನ್ನ ತಮ್ಮ, ನಾನು ಬೆಳೆಸಿದವನು, ಬಾಯಿ ಬಿಡಲ್ಲ, ಸಾಯ್ತಾನೆ" ಎಂದು ಗೋಡೆಗೆ ಹೇಳುತ್ತಿದ್ದಳಂತೆ.

ಅಷ್ಟರಲ್ಲಿ ಜೋಡು ಹೊಲಿಯುವ ಮುದುಕ ಒಂದು ಸುದ್ದಿ ತಂದ. ರಾಣಿಗೆ ಹಲ್ಲುನೋವು. ದವಡೆ ಊದಿ, ತಲೆಗೆ ಬಟ್ಟೆ ಕಟ್ಟಿಕೊಂಡು, ವೈದ್ಯನಿಗೂ ಮುಖ ತೋರಿಸದೆ ಮಲಗಿದ್ದಾಳೆ. ಅರಮನೆಯ ಹೊರಗೆ ಇದು ಗೊತ್ತಿಲ್ಲ. ಅತ್ತೆ ಎರಡನೆಯ ಮಾತು ಕೇಳಲಿಲ್ಲ. ಹೊಸ ಜೋಡಿ ಅವಳ ಹತ್ತಿರವೇ ಇತ್ತು. ತಲೆ ತಗ್ಗಿಸಿದವರಿಗೆ ಕಾಣುವುದು ಜೋಡು ಮತ್ತು ಲಂಗದ ಅಂಚು. ರಾಣಿಯದು ಕಪ್ಪು ಅಂಚು. ಮನೆಯಲ್ಲಿದ್ದ ಕಪ್ಪು ಬಟ್ಟೆಯೆಂದರೆ ಕೊಡೆಯದು. ಎರಡು ಕೊಡೆ ಬಿಚ್ಚಿ, ಬಟ್ಟೆ ಕತ್ತರಿಸಿ, ತನ್ನ ಲಂಗದ ಅಂಚಿಗೆ ಓಡುಹೊಲಿಗೆ ಹಾಕಿದಳು. ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೊರಟಳು.

ಸೆರೆಮನೆಯ ಹೆಬ್ಬಾಗಿಲಲ್ಲಿ ಕಾವಲಿನವರು ಹರಟುತ್ತ ನಿಂತಿದ್ದರು. ಟಕ್, ಟಟಕ್ ಕೇಳಿದ್ದೇ ತಡ, ಮಾತು ನಿಂತು ತಲೆಗಳು ಬಗ್ಗಿದವು. ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗೆ ಒದ್ದೆ ಗೋಡೆಯ ಉದ್ದ ಓಣಿ, ಎರಡೂ ಕಡೆ ಸರಳಿನ ಕೋಣೆಗಳು. ತಮ್ಮ ಯಾವ ಕೋಣೆಯಲ್ಲಿದ್ದಾನೆಂದು ಅತ್ತೆಗೆ ಗೊತ್ತಿಲ್ಲ, ಕೇಳುವ ಹಾಗೂ ಇಲ್ಲ. ಬಾಯಿ ಬಿಟ್ಟರೆ ಕತೆ ಮುಗಿಯಿತು. ಎಲ್ಲೂ ನಿಲ್ಲುವ ಹಾಗಿಲ್ಲ, ನಿಂತರೆ ಆ ಕೋಣೆಯವನು ತೆವಳಿ ಬಂದು ತನ್ನವರ ಹೆಸರು ಹೇಳುತ್ತಾನೆ. ಎಲ್ಲಿ ನೋಡಿದರೂ ಬಗ್ಗಿದ ತಲೆಗಳೇ. ಕೊನೆಗೆ ಒಂದು ತಲೆಯಲ್ಲಿ ಎರಡು ಸುಳಿ ಕಂಡಿತು. ಆ ತಲೆಗೆ ಅವಳು ವರ್ಷಗಟ್ಟಲೆ ಎಣ್ಣೆ ಹಚ್ಚಿ ಬಾಚಿದ್ದಳು.

ಎಡಗಾಲನ್ನು ಎರಡು ಸಲ ಕುಟ್ಟಿದರೆ ಬೀಗ ತೆಗೆಯಬೇಕೆಂಬುದು ಅಲ್ಲಿಯ ನಿಯಮ, ಬಿಡಿಸಿಕೊಂಡು ಬಂದವರಿಂದ ಅತ್ತೆಗೆ ತಿಳಿದಿತ್ತು. ಕುಟ್ಟಿದಳು. ಕಾವಲಿನವನು ಬೀಗ ತೆಗೆದು, ನಾಲ್ಕು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಮುಖ ಮಾಡಿ ನಿಂತ. ಒಂದು ಸಲ ಬಗ್ಗಿ 'ನಾನು ಕಣೋ' ಅಂದುಬಿಡೋಣ ಅನ್ನಿಸಿತಂತೆ. ಕಾವಲಿನವನ ಕಿವಿ ಹತ್ತಿರವೇ ಇತ್ತು. ಅಷ್ಟರಲ್ಲಿ ಅಪ್ಪ ತೆವಳಿಕೊಂಡು ಬಂದ. ಜೋಡಿಗೆ ಬಾಯಿ ಹಚ್ಚಿದ. ಅವನ ಬಿಸಿ ಉಸಿರು ಚರ್ಮದ ಮೂಲಕ ಅತ್ತೆಯ ಬೆರಳಿಗೆ ತಾಗಿತು.

"ಅಮ್ಮಾ," ಎಂದು ಪಿಸುಗುಟ್ಟಿದ ಅಪ್ಪ, "ನನ್ನಕ್ಕ. ತಮ್ಮ ಜೋಡು ಪಳಗಿಸ್ತಾಳಲ್ಲ, ಅವಳೇ. ಅವಳಿಗೆ ಹಿಂದಿಲ್ಲ ಮುಂದಿಲ್ಲ. ಹೋದ್ರೆ ಅಳೋರೂ ಇಲ್ಲ. ನಂಗೆ ಪುಟ್ಟ ಮಗಳಿದಾಳೆ ಅಮ್ಮಾ."

ಇದನ್ನು ನನಗೆ ಹೇಳುವಾಗ ಅತ್ತೆ ಅಂಗಳದಲ್ಲಿ ಸುತ್ತು ಹಾಕುತ್ತಿದ್ದಳು. ನಾನು ಹಿಂದೆ ಹಿಂದೆ ಹೋಗುತ್ತಿದ್ದೆ.

"ಆಗ ಏನನ್ನಿಸ್ತು ಅತ್ತೆ?"

"ಅಲ್ಲೇ ಬಿಟ್ಟು ಹೋಗ್ಬಿಡೋಣ ಅನ್ನಿಸ್ತು ಕಣೇ. ಸುಳ್ಳು ಯಾಕೆ ಹೇಳ್ಲಿ."

"ಮತ್ತೆ?"

"ಮತ್ತೇನು. ಮಗು ಇದೆ ಅಂದಿದ್ದು ನಿಜಾನೇ ತಾನೇ. ಆ ಎರಡು ಸುಳಿ ಬೇರೆ ಕಣ್ಣ ಮುಂದೆ."

ಜೋಡಿನ ತುದಿಯಿಂದ ಅವನ ಭುಜ ಮುಟ್ಟಿದಳು. ಅದು ಬಿಡುಗಡೆಯ ಗುರುತು. ತಿರುಗಿ, ಬಂದ ಹಾಗೆಯೇ, ಎಡಗಾಲು ಒತ್ತಿ ಊರುತ್ತ ಹೊರಗೆ ನಡೆದಳು. ಆ ಓಣಿಯುದ್ದಕ್ಕೂ ಅವಳ ಬೆರಳುಗಳು ಜೋಡಿನೊಳಗೆ ಮುಷ್ಟಿ ಕಟ್ಟಿದ್ದವು. ಚರ್ಮಕ್ಕೆ ತಪ್ಪು ಮಡಿಕೆ ಬಿದ್ದು ಆ ಜೋಡಿ ಹಾಳಾಯಿತು. ಮುಂದೆ ಅದು ರಾಣಿಯನ್ನು ಕಚ್ಚಿದ್ದಕ್ಕೆ ಅತ್ತೆಗೂ ಮುದುಕನಿಗೂ ಅಂಗಾಲಿಗೆ ಛಡಿಯೇಟು ಬಿತ್ತು. ಸೆರೆಮನೆಯ ವಿಷಯ ಮಾತ್ರ ಹೊರಗೆ ಬರಲೇ ಇಲ್ಲ. 'ಅಮ್ಮಾವ್ರೇ, ಮೊನ್ನೆ ತಾವು ಬಂದಿದ್ರಾ?' ಎಂದು ಹೋಗಿ ಕೇಳುವ ಎದೆ ಯಾರಿಗಿತ್ತು?

ಅತ್ತೆ ಹಿಂದಿನ ಬೀದಿಯಿಂದ ಮನೆ ಸೇರಿ, ಕೊಡೆಯ ಬಟ್ಟೆ ಕಿತ್ತು ಒಲೆಗೆ ಹಾಕಿ, ಹಿಟ್ಟು ಕಲಸುತ್ತಿದ್ದಾಗ ಅಪ್ಪ ಬಂದ. ಬಾಗಿಲಲ್ಲೇ ಕುಸಿದು ಕೂತು, "ಬಿಟ್ರು ಅಕ್ಕ, ಅಮ್ಮಾವ್ರು ಬಿಟ್ರು" ಎಂದ. ಅವಳ ಮುಖ ನೋಡಲಿಲ್ಲ. ಅತ್ತೆ ಅವನ ಮುಂದೆ ನೀರಿಟ್ಟು ಕಾದಳು. ಅವನು ನೀರು ಕುಡಿದ, ಉಂಡ, ನನ್ನನ್ನು ತಬ್ಬಿಕೊಂಡು ಅತ್ತ, ಅಕ್ಕನ ಹೆಸರು ಹೇಳಿದ್ದೊಂದನ್ನು ಬಿಟ್ಟು ಬೇರೆ ಎಲ್ಲ ಹೇಳಿದ. ಮಾರನೆಯ ದಿನ ಮಾತ್ರ ಗೋಡೆ ನೋಡಿಕೊಂಡು, "ಅಕ್ಕ, ನೀನು ಸ್ವಲ್ಪ ದಿನ ಎಲ್ಲಾದ್ರೂ ದೂರ ಹೋಗಿ ಬಾ" ಎಂದ.

"ಯಾಕೋ?"

"ಸುಮ್ನೆ. ಕಾಲಿಗೂ ವಿಶ್ರಾಂತಿ ಸಿಗುತ್ತೆ."

"ಸುಮ್ನೆ ಯಾಕೆ ಹೋಗ್ಲಿ? ಕಾರಣ ಹೇಳು, ಹೋಗ್ತೀನಿ."

ಅಪ್ಪ ಕರಣೆ ಎತ್ತಿಕೊಂಡು ಕೆಲಸಕ್ಕೆ ಹೊರಟ. ಕಾರಣ ಹೇಳಲಿಲ್ಲ. ಬೀದಿಯಲ್ಲಿ ಯಾರ ಹೆಜ್ಜೆ ಕೇಳಿದರೂ ಎದ್ದು ನಿಲ್ಲುತ್ತಿದ್ದ. ಅತ್ತೆಗೆ ಬೇಕಾಗಿದ್ದದ್ದು ಒಂದೇ ಮಾತು. ಅವನು ಬಾಯಿ ಬಿಟ್ಟು 'ಹೀಗೆ ಮಾಡಿಬಿಟ್ಟೆ' ಎಂದರೆ 'ಹೋಗ್ಲಿ ಬಿಡೋ, ಬಂದವಳು ನಾನೇ' ಎಂದು ಹೇಳಿ ಇಬ್ಬರೂ ಒಟ್ಟಿಗೆ ಅತ್ತು ಹಗುರಾಗಬಹುದಿತ್ತು. ಅವನು ಹೇಳದೆ ತಾನು ಹೇಗೆ ಹೇಳುವುದು? ಹೇಳಿದರೆ, ನಿನ್ನ ಮಾತು ಕೇಳಿಸಿಕೊಂಡೆ ಎಂದೂ ಹೇಳಿದ ಹಾಗಲ್ಲವೇ. ದಿನ ಕಳೆದವು, ತಿಂಗಳು ಕಳೆದವು, ಅತ್ತೆಯನ್ನು ಹಿಡಿಯಲು ಯಾರೂ ಬರಲಿಲ್ಲ. ಅಪ್ಪ ನಿಧಾನವಾಗಿ ಸರಿಯಾದ. ಸರಿಯಾದ ಮೇಲೆ ರಾಣಿಯ ಭಕ್ತನಾದ.

ಅದನ್ನು ನೋಡಲಿಕ್ಕೆ ನಿಮಗೆ ಸಹನೆ ಬೇಕು, ನನಗಂತೂ ಇರಲಿಲ್ಲ. ಯಾರು ಸಿಕ್ಕರೂ ಅದೇ ಪುರಾಣ. "ನನ್ನ ಹತ್ರ ಹೆಸರೇ ಕೇಳ್ಲಿಲ್ಲ ಅಮ್ಮಾವ್ರು. ಭುಜ ಮುಟ್ಟಿ ಬಿಟ್ಟುಬಿಟ್ರು. ಊರು ಏನಾದ್ರೂ ಅನ್ನಲಿ, ಒಳಗೆ ತಾಯಿ ಕರುಳು." ಕೇಳಿದವರು ಮುಖ ತಿರುಗಿಸಿ ಹೋಗುತ್ತಿದ್ದರು. ಆಗ ನಾನೂ ಅದನ್ನು ನಿಜವೆಂದೇ ನಂಬಿದ್ದೆ, ಆದರೂ ಅಪ್ಪನ ದನಿ ಕೇಳಿದರೆ ಮೈ ಉರಿಯುತ್ತಿತ್ತು. ಅವನು ಅಷ್ಟು ಹೊಗಳಿದ್ದು ತನ್ನನ್ನು ಬಿಟ್ಟದ್ದಕ್ಕಲ್ಲ, ತಾನು ಹೆಸರು ಹೇಳಿದ ಮೇಲೂ ಅಕ್ಕನನ್ನು ಮುಟ್ಟದೆ ಇದ್ದದ್ದಕ್ಕೆ ಎಂದು ಈಗ ಅರ್ಥವಾಗುತ್ತದೆ. ತನ್ನ ಪಾಪವನ್ನು ರಾಣಿ ತನ್ನ ಹೊಟ್ಟೆಗೆ ಹಾಕಿಕೊಂಡಳೆಂದು ಅವನು ತಿಳಿದಿದ್ದ. ಅವನು ಊಟಕ್ಕೆ ಕೂತು ಆ ಕತೆ ಹೇಳುವಾಗ ಅತ್ತೆ ಬಡಿಸಿ, ತನ್ನ ತಟ್ಟೆ ಹಿಡಿದುಕೊಂಡು ಅಂಗಳಕ್ಕೆ ಹೋಗಿ ಸುತ್ತುತ್ತಿದ್ದಳು.

ನನಗೆ ಇಪ್ಪತ್ತು ತುಂಬುವ ಹೊತ್ತಿಗೆ ರಾಣಿ ಸತ್ತಳು. ಕ್ರೂರಿಗಳು ನರಳಿ ಸಾಯುತ್ತಾರೆಂದು ಯಾರೋ ಸುಳ್ಳು ಹಬ್ಬಿಸಿದ್ದಾರೆ. ಅವಳು ತಿಂಡಿ ತಿಂದು, ಬಾಯಿ ಒರೆಸಿಕೊಂಡು, ಕುರ್ಚಿಯಲ್ಲೇ ಹೋದಳು. ಪಳಗಿಸಲು ಕೊಟ್ಟ ಕೊನೆಯ ಜೋಡಿ ಅತ್ತೆಯ ಕಾಲಲ್ಲೇ ಉಳಿಯಿತು. ನಿಲ್ಲಿಸು ಎಂದು ಹೇಳುವವರು ಯಾರೂ ಇಲ್ಲದ್ದರಿಂದ ಅವಳು ಲಾಳಕ್ಕೆ ಬಟ್ಟೆ ಸುತ್ತಿಕೊಂಡು ಸದ್ದಿಲ್ಲದೆ ನಡೆಯುತ್ತಲೇ ಇದ್ದಳು. ಹೆಸರಿಡುವ ದಿನ ಚೌಕಕ್ಕೂ ಅದನ್ನೇ ಹಾಕಿಕೊಂಡು ಬಂದಳು.

ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಣದ ತಲೆಯ ಕಡೆ ರಾಣಿಯ ಮಗ ನಿಂತಿದ್ದ. ಆಟಕ್ಕೆಂದು ಆಳುಮಕ್ಕಳ ಕೈಯನ್ನು ಜೇನುಗೂಡಿಗೆ ತುರುಕಿಸುತ್ತಿದ್ದವನು ಅವನು. ತಾಯಿಗೆ ಗುರುವಾಗುವ ಎಲ್ಲ ಲಕ್ಷಣವೂ ಇತ್ತು. ಇವತ್ತು ಕೆಟ್ಟ ಹೆಸರು ಬಿದ್ದರೆ ಮೂರು ತಲೆಮಾರು ಭರ್ತಿ, ಅವನಿಗೆ ಸಿಂಹಾಸನವಿಲ್ಲ. ಜನ ಕೂತು ಕಾಯುತ್ತಿದ್ದರು. ಹೆಸರಿಡುವ ಶಾಸ್ತ್ರ ನಡೆಸಲು ಕೂಗುವವನು ಕಟ್ಟೆ ಹತ್ತಿ, "ಇವರಿಂದ ಕರುಣೆ ಕಂಡವರಿದ್ದರೆ ಏಳಿ" ಎಂದ. ಯಾರೂ ಏಳಲಿಲ್ಲ. ಎರಡನೆಯ ಸಲ ಕೂಗಿದಾಗ ನಮ್ಮಪ್ಪ ಎದ್ದ.

ನಾನು ಅವನ ಅಂಗಿ ಹಿಡಿದು ಎಳೆದೆ, ಕೊಡವಿಕೊಂಡು ಮುಂದೆ ಹೋದ. "ನಾನು ಕಂಡಿದ್ದೀನಿ," ಎಂದ, "ನನ್ನ ಹತ್ರ ಹೆಸರು ಕೇಳ್ದೆ ಬಿಟ್ರು. ಋಣ ಇದೆ, ಹೇಳ್ಬೇಕು. ಆಣೆ ಮಾಡ್ತೀನಿ." ರಾಣಿಯ ಮಗ ಮೊದಲ ಸಲ ನಕ್ಕ.

ಗುಂಪು ಕುದಿಯಿತು. ಎಣ್ಣೆ ಮಾರುವ ಹೆಂಗಸೊಬ್ಬಳು ನುಗ್ಗಿ ಬಂದು ಅಪ್ಪನ ಎದುರು ನಿಂತಳು. ಅವಳ ಮಗ ಯಾರ ಹೆಸರೂ ಹೇಳದೆ ಗುಂಡಿಗೆ ಹೋದವನು. "ನನ್ನ ಮಗ ಬಾಯಿ ಬಿಡದೆ ಸತ್ತ. ಅವನನ್ನ ಯಾಕೆ ಬಿಡ್ಲಿಲ್ಲ ನಿನ್ನ ತಾಯಿ ಕರುಳು? ನಿನ್ನ ಮುಖದಲ್ಲಿ ಏನು ಕಂಡಳು?" ಎಂದು ಕೇಳಿದಳು. ಅಪ್ಪ, "ನಂಗೊತ್ತಿಲ್ಲಮ್ಮ, ಬಿಟ್ಟಿದ್ದು ಮಾತ್ರ ನಿಜ" ಎಂದ. ಕೂಗುವವನು ಆಣೆಗೆ ಕೈ ಮುಂದೆ ಚಾಚಲು ಹೇಳಿದ.

ಅತ್ತೆ ಗುಂಪಿನ ಹಿಂದೆ ಗೋಡೆಯುದ್ದಕ್ಕೂ ಆ ಕಡೆ ಈ ಕಡೆ ಓಡಾಡುತ್ತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಏನೋ ಕಾಯಿಲೆ ಬಂತೆಂದು ನಾನು ಓಡಿಹೋಗಿ ತೋಳು ಹಿಡಿದೆ. ಬಿಡಿಸಿಕೊಂಡಳು. ಗೋಡೆಗೆ ಒರಗಿ, ಒಂದು ಕಾಲೆತ್ತಿ, ಲಾಳದ ಬಟ್ಟೆ ಬಿಚ್ಚಿದಳು. ಇನ್ನೊಂದರದ್ದೂ ಬಿಚ್ಚಿದಳು. ಆಮೇಲೆ ಕಲ್ಲುಹಾಸಿನ ಮೇಲೆ ನಡೆದಳು.

ಟಕ್, ಟಟಕ್. ಟಕ್, ಟಟಕ್.

ಚೌಕಕ್ಕೆ ಚೌಕವೇ ತಲೆ ತಗ್ಗಿಸಿತು. ರಾಣಿ ಎಲ್ಲರ ಕಣ್ಣೆದುರು ಹೆಣವಾಗಿ ಮಲಗಿದ್ದಳು, ಆದರೂ ತಗ್ಗಿಸಿದರು. ಎಣ್ಣೆಯವಳು ತಗ್ಗಿಸಿದಳು, ಕೂಗುವವನು ತಗ್ಗಿಸಿದ, ನಾನೂ ತಗ್ಗಿಸಿದೆ. ಗುಂಪು ತಾನಾಗಿ ದಾರಿ ಬಿಟ್ಟಿತು. ಸದ್ದು ಕಟ್ಟೆಯ ಹತ್ತಿರ ನಿಂತ ಮೇಲೆ ಅತ್ತೆಯ ದನಿ ಕೇಳಿತು. "ತಲೆ ಎತ್ರಪ್ಪ, ನೋಡಿ. ನಾನು ಜೋಡು ಪಳಗಿಸೋಳು. ಅವತ್ತು ಸೆರೆಮನೆಗೆ ಹೋಗಿದ್ದು ನಾನು. ರಾಣಿ ಹಲ್ಲುನೋವು ಅಂತ ಮಲಗಿದ್ಳು. ಇವನನ್ನ ಬಿಟ್ಟಿದ್ದು ಅವಳಲ್ಲ."

ತಲೆಗಳು ಒಂದೊಂದಾಗಿ ಎದ್ದವು. ಅಷ್ಟು ವರ್ಷದಲ್ಲಿ ಊರು ಅವಳನ್ನು ಆ ಜೋಡಿನಲ್ಲಿ ನೋಡಿದ್ದು ಅವತ್ತೇ ಮೊದಲು. ಜೋಡು ಹೊಲಿಯುವ ಮುದುಕ ಗುಂಪಿನ ನಡುವಿನಿಂದ, "ಹೌದು, ಹಲ್ಲುನೋವು ನಿಜ, ನಾನೇ ಹೇಳಿದ್ದೆ" ಎಂದು ಕೂಗಿದ. ಅಪ್ಪ ಮಾತ್ರ ಅತ್ತೆಯ ಮುಖ ನೋಡಲಿಲ್ಲ. ಅವನು ಅವಳ ಜೋಡನ್ನೇ ನೋಡುತ್ತಿದ್ದ. ಅವನ ಮುಖ ಹೇಗೆ ಬಾಡಿತೆಂದರೆ, ಅವನನ್ನು ಹಿಡಿದುಕೊಳ್ಳಲು ನಾನು ಓಡಿದೆ. ಏನಾಯಿತೆಂದು ನನಗೆ ಗೊತ್ತಿರಲಿಲ್ಲ.

ಎಣ್ಣೆಯವಳು ಬಿಡಲಿಲ್ಲ. "ಹಾಗಾದ್ರೆ ಇವನು ಹೆಸರು ಹೇಳಿದ್ನಾ?" ಎಂದು ಅತ್ತೆಯನ್ನೇ ಕೇಳಿದಳು. ಹೆಸರು ಹೇಳಿದವರು ಯಾರೆಂದು ಒಳಗೊಳಗೆ ತಿಳಿದಿದ್ದರೂ ನಡೆಯುತ್ತಿತ್ತು, ಎಲ್ಲರೆದುರು ಬಯಲಾದರೆ ನಮ್ಮೂರಲ್ಲಿ ಅವರ ಮನೆಯ ನೀರನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಅಪ್ಪ ಬಾಯಿ ತೆರೆದ. ಅತ್ತೆ ಅವನಿಗಿಂತ ಮುಂಚೆ ಮಾತಾಡಿದಳು.

"ಇಲ್ಲಮ್ಮ. ಪಾಪ, ಬಾಯೇ ಬಿಡ್ಲಿಲ್ಲ ಅವನು. ನಿನ್ನ ಮಗನ ಹಾಗೇ ಕೂತಿದ್ದ."

ಎಣ್ಣೆಯವಳು ಅಪ್ಪನ ಕೈ ಹಿಡಿದುಕೊಂಡು ಅತ್ತಳು. ಕೂಗುವವನು ಮೂರನೆಯ ಸಲ ಕೇಳಿದ, ಯಾರೂ ಏಳಲಿಲ್ಲ. ಊರು ಒಂದೇ ಗಂಟಲಲ್ಲಿ 'ಹೆಸರು ಕೇಳಿದವಳು' ಎಂದು ಕೂಗಿತು. ರಾಣಿಯ ಮಗ ನಗು ನಿಲ್ಲಿಸಿ ಸುತ್ತ ನೋಡಿದ, ಕಾವಲಿನವರು ಅವನ ಪಕ್ಕದಿಂದ ಆಗಲೇ ಸರಿದಿದ್ದರು. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು, ಯಾರೋ ಅತ್ತೆಯನ್ನು ಎತ್ತಲು ಬಂದರು. "ಬಿಡ್ರಪ್ಪ, ಮನೇಲಿ ಕೆಲ್ಸ ಇದೆ" ಎಂದು ಕೊಸರಿಕೊಂಡು ಅವಳು ಮನೆಯ ದಾರಿ ಹಿಡಿದಳು.

ನಾನೂ ಅಪ್ಪನೂ ಕೈ ಹಿಡಿದುಕೊಂಡು ಹಿಂದೆ ಓಡಿದೆವು. ಅತ್ತೆಯ ನಡಿಗೆಗೆ ಸಮ ಹೆಜ್ಜೆ ಹಾಕಲು ನನಗೇ ಆಗುತ್ತಿರಲಿಲ್ಲ, ಅಪ್ಪ ಏದುಸಿರು ಬಿಡುತ್ತಿದ್ದ.

"ಅಕ್ಕಾ, ನಿಲ್ಲೇ."

ಅವಳು ನಿಲ್ಲಲಿಲ್ಲ.

"ಕೇಳಿಸ್ಕೊಂಡಿದ್ಯಾ ನೀನು? ಅವತ್ತು ನಾನು ಹೇಳಿದ್ದು?"

"ಕಿವಿ ಇದೆಯಲ್ಲೋ ನಂಗೆ."

ಅಪ್ಪ ನಡುಬೀದಿಯಲ್ಲಿ, ನನ್ನೆದುರಿಗೇ, "ನಿನ್ನ ಹೆಸರು ಹೇಳ್ದೆ ಅಕ್ಕ. ನಿಂಗೆ ಅಳೋರಿಲ್ಲ ಅಂದೆ. ನಾನೇ ಅಂದೆ" ಎಂದು ಹೇಳಿದ. ನನಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದಾಗ ಅವನ ಕೈ ಬಿಟ್ಟೆ. ಸಿಟ್ಟಿನಿಂದ ನನ್ನ ಕಣ್ಣು ತುಂಬಿತ್ತು. ಅಪ್ಪ ಒಬ್ಬನೇ ತಲೆ ತಗ್ಗಿಸಿಕೊಂಡು ಅವಳ ಹಿಂದೆ ಹೆಜ್ಜೆ ಹಾಕಿದ.

"ಇಷ್ಟು ವರ್ಷ ಕಾದೆ ಕಣೋ, ನೀನೇ ಹೇಳ್ತೀಯ ಅಂತ," ಎಂದಳು ಅತ್ತೆ. ಸ್ವಲ್ಪ ದೂರ ಹೋದ ಮೇಲೆ ಒಮ್ಮೆ ಹಿಂದೆ ತಿರುಗಿ ನೋಡಿದಳು. "ತಲೆ ಎತ್ತೋ. ಯಾರಿಗೆ ತಗ್ಗಿಸ್ತಾ ಇದೀಯ? ನಾನು ಕಣೋ, ನಿನ್ನಕ್ಕ."

ಅಪ್ಪ ಎತ್ತಲಿಲ್ಲ. ಮನೆಯ ಮೆಟ್ಟಿಲು ಬರುವವರೆಗೂ ಅವಳ ಹಿಮ್ಮಡಿಯನ್ನೇ ನೋಡುತ್ತ ನಡೆದ.